ತಾತನ ಪುಸ್ತಕದಿಂದ ನೀವು ಕಿತ್ತ ಚೀಟಿಗಳು

ಡಿಜಿಟಲ್ ಪರಂಪರೆ ಯೋಜನೆಯ ಮಾನ್ಯ ನಿರ್ದೇಶಕರೇ,

ಸ್ಕ್ಯಾನ್ ಮಾಡಿ ಕೊಡುತ್ತೇವೆಂದು ನನ್ನ ತಾತನ ನಾಟಕದ ಪುಸ್ತಕ ತೆಗೆದುಕೊಂಡ ನಿಮ್ಮ ಕಚೇರಿ, ಅದರ ಪುಟಗಳಿಗೆ ಚುಚ್ಚಿದ್ದ ನೂರ ನಲವತ್ತಕ್ಕೂ ಹೆಚ್ಚು ಚೀಟಿಗಳನ್ನು ಕಸವೆಂದು ಕಿತ್ತು, ಪುಸ್ತಕವನ್ನು ಶುಭ್ರವಾಗಿ ಹಿಂದಿರುಗಿಸಿದೆ. ಶುಭ್ರತೆಗೆ ಅಭಿನಂದನೆಗಳು. ನಮಗೆ ಚೀಟಿಗಳು ಬೇಕು.

ಕಳೆದ ವರ್ಷ, ೨೦೧೬ರಲ್ಲಿ, ಯಲಹಂಕದಲ್ಲಿ ನಿಮ್ಮ ಶಿಬಿರ ನಡೆಯಿತು. ಪರಂಪರೆ ಇನ್ನು ಮುಂದೆ ಪ್ರತಿಯೊಬ್ಬ ಕನ್ನಡಿಗನ ಬೆರಳ ತುದಿಯಲ್ಲಿರುತ್ತದೆ, ಮನೆಯ ಹಳೆಯ ಹಸ್ತಪ್ರತಿಗಳನ್ನು ತನ್ನಿ ಎಂದು ನೀವು ವೇದಿಕೆಯಿಂದ ಕರೆ ಕೊಟ್ಟಿರಿ. ಕನ್ನಡ ಎಂ.ಎ. ಮುಗಿಸಿ ಮನೆಯಲ್ಲಿದ್ದ ನಾನು ಹಿಂದಿನ ಕುರ್ಚಿಯಲ್ಲಿ ಕೂತು ಅದನ್ನು ನಂಬಿದೆ. ಓದಿದವರಿಗೆ ಇಂಥ ಮಾತು ಬೇಗ ನಾಟುತ್ತದೆ. ಓದದವರು ಸ್ವಲ್ಪ ಯೋಚಿಸುತ್ತಾರೆ. ವಿಷಯ ಹೇಳಿದಾಗ ತಾತ ಕೇಳಿದ್ದು ಒಂದೇ ಪ್ರಶ್ನೆ: “ಕೊಟ್ರೆ ವಾಪಸ್ ಬತ್ತದೇನವ್ವ?” ರಸೀದಿ ಕೊಡುತ್ತಾರೆ ಎಂದೆ. ರಸೀದಿ ಕೊಟ್ಟಿರಿ, ಅದರಲ್ಲಿ ಲೋಪವಿಲ್ಲ.

ನನ್ನ ತಾತ ಮುನಿಆಂಜಿನಪ್ಪ ಚಿಕ್ಕಜಾಲದವರು. ಸುತ್ತಲಿನ ಹಳ್ಳಿಗಳಲ್ಲಿ ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿ, ಪೌರಾಣಿಕ ನಾಟಕ ಕಲಿಸಿದ ಮೇಷ್ಟ್ರು. ಅವರ ಪುಸ್ತಕದಲ್ಲಿರುವ ನಾಟಕ ಊರಿಂದೂರಿಗೆ ನಕಲಾಗುತ್ತ ಬಂದದ್ದು. ಹತ್ತು ಹಳ್ಳಿಗಳಲ್ಲಿ ಹತ್ತು ಪ್ರತಿಗಳು ಸಿಕ್ಕಾವು. ಚೀಟಿಗಳು ಮಾತ್ರ ತಾತನವು. ರಾಜನ ಪಾತ್ರದ ಚನ್ನಕೇಶವ ಕಲ್ಲುಗಣಿಯ ದೂಳು ಕುಡಿದವರು, ಒಂದು ಸಾಲು ಹಾಡುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಅವರಿಗಾಗಿ ತಾತ ಪದ್ಯವನ್ನು ಮೂರು ತುಂಡು ಮಾಡಿ, ನಡುವೆ ಹಾರ್ಮೋನಿಯಂ ಎಷ್ಟು ಹೊತ್ತು ನುಡಿಯಬೇಕೆಂದು ಚೀಟಿಯಲ್ಲಿ ಬರೆದಿದ್ದರು. ರಾಜ ಏದುಸಿರು ಬಿಡುವುದು ಊರಿಗೆ ಗೊತ್ತಾಗಲಿಲ್ಲ, ಸಂಗೀತ ಕೇಳಿಸಿತು. ರಾಣಿಯ ಪಾತ್ರ ಮಾಡುತ್ತಿದ್ದ ಸುಬ್ಬಮ್ಮ ಹಸುಗೂಸಿನ ತಾಯಿ. ಅವರು ಪರದೆಯ ಹಿಂದೆ ಹಾಲೂಡಿಸಿ ಬರುವಷ್ಟು ಕಾಲ ಹಾಸ್ಯಗಾರನ ಮಾತನ್ನು ಬೆಳೆಸಿದ ಚೀಟಿಯೂ ಇತ್ತು. ಗುಂಡುಸೂಜಿ ತುಕ್ಕು ಹಿಡಿದು ಕಾಗದ ತಿನ್ನುತ್ತದೆಂದು ಇವನ್ನೆಲ್ಲ ತಾತ ಜಾಲಿ ಮುಳ್ಳಿನಲ್ಲಿ ಚುಚ್ಚಿದ್ದರು. ಸಂರಕ್ಷಣೆಯ ಬಗ್ಗೆ ನಿಮ್ಮ ಕಚೇರಿಗಿಂತ ಹೆಚ್ಚು ತಿಳಿದವರು, ಪಾಪ, ಓದಿದ್ದು ನಾಲ್ಕನೇ ತರಗತಿ.

ನಾಲ್ಕು ತಿಂಗಳ ನಂತರ ಪುಸ್ತಕ ವಾಪಸ್ ಪಡೆಯಲು ಬಂದೆ. ಕೌಂಟರಿನವರು ಹೆಮ್ಮೆಯಿಂದ ಮುಂದೆ ತಳ್ಳಿದರು.

“ನೋಡಿ ಮೇಡಂ, ಎಷ್ಟ್ ನೀಟಾಗ್ ಮಾಡ್ಸಿದೀವಿ. ಒಳಗಡೆ ಬರೀ ಮುಳ್ಳು ಕಣ್ರೀ, ನಮ್ಮವ್ರ ಕೈಗೆಲ್ಲಾ ಚುಚ್ಚಿದೆ.”

ಚೀಟಿಗಳು ಎಲ್ಲಿ ಎಂದೆ.

“ಲೂಸ್ ಪೇಪರ್ ನಮ್ ಲಿಸ್ಟಲ್ಲಿ ಬರಲ್ಲ.”

ನಾನು ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ. ಇಡೀ ಪ್ರಕರಣದಲ್ಲಿ ನನ್ನ ಪಾಲಿನ ಅಪರಾಧ ಅದು, ಒಪ್ಪಿಕೊಳ್ಳುತ್ತೇನೆ. ಆಮೇಲೆ ಮೂರು ಪತ್ರ ಬರೆದೆ. ಬಂದ ಒಂದೇ ಉತ್ತರದಲ್ಲಿ, “ಪುಸ್ತಕಕ್ಕೆ ಲಗತ್ತಾಗಿರದ ಕಾಗದಗಳಿಗೆ ಈ ಕಚೇರಿ ಹೊಣೆಯಲ್ಲ” ಎಂದಿದೆ. ಲಗತ್ತಾಗಿರದೆ ಇದ್ದರೆ ನಿಮ್ಮವರ ಕೈಗೆ ಚುಚ್ಚಿದ್ದೇನು?

ನಿಮ್ಮ ಜಾಲತಾಣವನ್ನೂ ನೋಡಿದೆ. ಪ್ರತಿ ಪುಟದ ನಟ್ಟನಡುವೆ ಊಟದ ತಟ್ಟೆಯಷ್ಟು ದೊಡ್ಡ ನಿಮ್ಮ ಲಾಂಛನವಿದೆ; ಅದರ ಅಂಚಿನಿಂದ ಒಂದಿಷ್ಟು ನಾಟಕ ಇಣುಕುತ್ತದೆ. ಕೆಳಗೆ, “ಕರ್ತೃ: ತಿಳಿದಿಲ್ಲ. ಪ್ರತಿಯ ಸ್ಥಿತಿ: ಉತ್ತಮ.” ಲಾಂಛನವಿಲ್ಲದ ಪುಟ ಬೇಕಾದರೆ ಸಂಸ್ಥೆಯ ಮುಖ್ಯಸ್ಥರ ಪತ್ರ ತರಬೇಕಂತೆ. ತನ್ನ ಪುಸ್ತಕವನ್ನು ಆ ತಾಣದಲ್ಲಿ ತಾನು ನೋಡಲು ತಾತ ಯಾವ ಸಂಸ್ಥೆಯ ಮುಖ್ಯಸ್ಥರನ್ನು ಹುಡುಕಬೇಕು? ಯಾರ ಬೆರಳ ತುದಿಯ ಬಗ್ಗೆ ಅಂದು ಮಾತನಾಡಿದಿರಿ? ಚೀಟಿ ಕಿತ್ತವರ ಬೆರಳೇ ಇರಬೇಕು.

ಈಗ ಮನೆಯಲ್ಲಿ ನಡೆಯುತ್ತಿರುವುದನ್ನು ಹೇಳುತ್ತೇನೆ. ತಾತನಿಗೆ ಎಂಬತ್ತೊಂದು. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಳ್ಳಿನ ತೂತುಗಳನ್ನು ಬೆರಳಿನಿಂದ ತಡಕಿ, ಅಲ್ಲಿದ್ದ ಚೀಟಿಯನ್ನು ನೆನಪಿಸಿಕೊಂಡು ಹಾಡುತ್ತಾರೆ. ನಾನು ಬರೆದುಕೊಳ್ಳುತ್ತೇನೆ. ಮೂವತ್ತೊಂದು ಆಗಿವೆ. ಉಳಿದ ಕಡೆ ಕೈ ನಿಲ್ಲುತ್ತದೆ. “ಇಲ್ಲೊಂದಿತ್ತು ಕಣವ್ವ. ಯಾರ್ಗ್ ಬರ್ದಿದ್ನೋ. ಚೀಟಿ ಎದುರ್ಗೆ ಇಟ್ರೆ ಯಾರ್ದು ಅಂತ ಏಳ್ತೀನಿ.” ಹೋದ ವಾರ, ತಿಂಗಳ ಹಿಂದೆ ತಾತ ಪೂರ್ತಿ ಹಾಡಿದ್ದ ಪುಟವೊಂದನ್ನು ಮತ್ತೆ ತೆರೆದೆ. ತೂತು ಸಿಕ್ಕಿತು, ಹಾಡು ಸಿಗಲಿಲ್ಲ. ಯಾವ ಚೀಟಿ ಯಾವ ಪುಟದ್ದು, ಯಾರ ಉಸಿರಿಗೆ ಬರೆದದ್ದು ಎಂದು ಹೇಳಬಲ್ಲವರು ಅವರೊಬ್ಬರೇ. ಅವರಿಗೆ ಮರೆತ ದಿನ ಚೀಟಿಗಳು ನಿಜವಾಗಿಯೂ ಕಸವಾಗುತ್ತವೆ. ಆಗ ನಿಮ್ಮ ಕಚೇರಿಯ ಮಾತು ಸರಿಯಾಗುತ್ತದೆ. ಬಹುಶಃ ಅದಕ್ಕೇ ಕಾಯುತ್ತಿದ್ದೀರಿ.

ಚೀಟಿಗಳು ಇನ್ನೂ ಇವೆ. ನಿಮ್ಮ ಉಗ್ರಾಣದ ಒಂದು ಗೋಣಿಚೀಲದಲ್ಲಿ, “ಇತರೆ” ಎಂಬ ಹೆಸರಿನಡಿ, ವಿಲೇವಾರಿಗಾಗಿ ನಿಮ್ಮ ಸಹಿ ಕಾಯುತ್ತ ಬಿದ್ದಿವೆ. ಮೊನ್ನೆ ಮತ್ತೆ ವಿಚಾರಿಸಲು ಬಂದಿದ್ದಾಗ ನಿಮ್ಮ ಸಿಬ್ಬಂದಿಯೊಬ್ಬರು ಬಸ್ ಸ್ಟಾಪಿನವರೆಗೆ ಹಿಂದೆಯೇ ಬಂದು ತಿಳಿಸಿದರು. ಹೆಸರು ಬರೆಯುವುದಿಲ್ಲ. ಅಲ್ಲಿ ಪುಸ್ತಕ ಓದಬಲ್ಲ ಒಬ್ಬರಾದರೂ ಉಳಿಯಲಿ.

ಆದ್ದರಿಂದ ಆ ವಿಲೇವಾರಿ ಕಡತಕ್ಕೆ ಸಹಿ ಹಾಕಬೇಡಿ. ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾನು, ತಾತ ಮತ್ತು ಪುಸ್ತಕ ನಿಮ್ಮ ಕಚೇರಿಗೆ ಬರುತ್ತೇವೆ. ಕಿಟಕಿಯ ಪಕ್ಕ ಒಂದು ಮೇಜು, ಅವರಿಗೊಂದು ಕುರ್ಚಿ ಮತ್ತು ಆ ಚೀಲ, ಇಷ್ಟು ಒದಗಿಸಿ. ಒಂದು ದಿನಕ್ಕೆ ಮುಗಿಯದಿದ್ದರೆ ಮರುದಿನವೂ ಬರುತ್ತೇವೆ. ನೀವು ಇರಲೇಬೇಕೆಂದಿಲ್ಲ. ಉಗ್ರಾಣದ ಕೀಲಿ ಇದ್ದರೆ ಸಾಕು.

ಇಂತಿ,
ನಿಮ್ಮ ಭಾಷಣವನ್ನು ಚಿಕ್ಕಜಾಲದವರೆಗೂ ಹೊತ್ತೊಯ್ದವಳು,
ಆಶಾರಾಣಿ, ಅಟ್ಟೂರು