ಸೂಜಿಗೆ ದಾರ ಪೋಣಿಸುವವರ ಮುಂದೆ

ರಾಯದುರ್ಗ
೧೮-೭-೨೦೨೪

ಅಮ್ಮಾ,

ನಿನ್ನ ಶ್ರೀಲತಾಳ ನಮಸ್ಕಾರ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ನನ್ನ ಊಟದ ವಿಚಾರ ತೆಗೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿನ ಒಂದು ಜೀನ್ಸ್ ಹೊಲಿಯುವ ಯೂನಿಟ್‌ಗೆ ಹೋಗಿ, ಅಲ್ಲಿನ ಹೆಂಗಸರಿಗೆ ಕಣ್ಣಿನ ಬಗ್ಗೆ ಅರ್ಧ ಗಂಟೆ ಮಾತಾಡಬೇಕೆಂದು ನಮ್ಮ ಕಣ್ಣಾಸ್ಪತ್ರೆಯಲ್ಲಿ ನನಗೆ ಹೇಳಿದರು. ಮೊದಲ ಸಲ ನೋಡು, ಇಪ್ಪತ್ತೆರಡು ಸ್ಲೈಡ್ ಮಾಡಿದೆ. ಪಾಪೆ, ಮಸೂರ, ನರ, ಎಲ್ಲಕ್ಕೂ ಬಣ್ಣದ ಚಿತ್ರ. ಮುಗಿಸಿದ ಮೇಲೆ ಕುತೂಹಲ ಹುಟ್ಟಿತು. ಇದನ್ನು ಕೇಳುವವರು ಯಾರು? ಅವರ ಮುಖವನ್ನೇ ನಾನು ನೋಡಿರಲಿಲ್ಲ.

ಹಿಂದಿನ ದಿನವೇ ಹೋದೆ. ಊಟದ ಬಿಡುವಿನಲ್ಲಿ ನಾಗಕ್ಕ ಎಂಬ ಐವತ್ತರ ಹೆಂಗಸಿನ ಪಕ್ಕ ಕೂತು, ನಾಳೆ ನಿಮಗೆ ಏನು ಹೇಳಲಿ ಎಂದು ಕೇಳಿದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು.

"ಕಣ್ಣಾಗ ಏನೈತಿ ಅಂತ ತಿಳ್ಕೊಂಡು ನಾವೇನ್ ಮಾಡೋಣ್ರಿ ಮೇಡಂ? ಚಸ್ಮಾ ಹಾಕ್ಕೊಂಡ್ರ ಕೆಲಸದಿಂದ ತೆಗೀತಾರೇನು, ಅದನ್ನ ಹೇಳ್ರಿ."

ಎರಡು ವರ್ಷದಿಂದ ಪಕ್ಕದ ಮಿಷನ್ನಿನ ಹುಡುಗಿಯೇ ಅವರ ಸೂಜಿಗೆ ದಾರ ಹಾಕಿಕೊಡುತ್ತಿದ್ದಾಳಂತೆ, ಯಾರಿಗೂ ಗೊತ್ತಾಗದ ಹಾಗೆ.

ನನ್ನ ಸ್ಲೈಡುಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮಾಲೀಕ ಬಾಲರಾಜು ಅವರನ್ನೇ, ಯಾರ ಹೆಸರೂ ಎತ್ತದೆ, ಕೇಳಿದೆ. "ನಾನ್ಯಾಕ ತೆಗೀಲ್ರಿ?" ಎಂದು ಅವರು ಬೆರಗಾದರು. ಹಾಗಿದ್ದರೆ ನಾಳೆ ನೀವೇ ಎಲ್ಲರ ಮುಂದೆ ಹೇಳಿ ಎಂದು ಒಪ್ಪಿಸಿದೆ.

ಮರುದಿನ ಲ್ಯಾಪ್‌ಟಾಪ್ ಒಯ್ಯಲಿಲ್ಲ. ಕನ್ನಡಕ ಹಾಕಿದರೆ ಯಾರನ್ನೂ ತೆಗೆಯುವುದಿಲ್ಲವೆಂದು ಬಾಲರಾಜು ಮಾತು ಕೊಟ್ಟ ಮೇಲೆ ನಾನು ಕನ್ನಡಕ ತೆಗೆದಿಟ್ಟು ಸೂಜಿ ಹಿಡಿದೆ. ಹತ್ತಿರದ್ದು ಕಾಣಲು ನನಗೂ ಕನ್ನಡಕ ಬೇಕಲ್ಲ. ನಾಲ್ಕು ಸಲ ತಪ್ಪಿತು. "ಎಡಕ್ಕ ಮೇಡಂ, ಎಡಕ್ಕ!" ಎಂದು ಕೂಗಿ ನಕ್ಕರು. ಕನ್ನಡಕ ಹಾಕಿಕೊಂಡೆ, ದಾರ ಒಂದೇ ಸಲಕ್ಕೆ ಹೋಯಿತು. ನಗು ನಿಂತಿತು.

ಕಣ್ಣು ಪರೀಕ್ಷೆಗೆ ಮೊದಲು ಎದ್ದವರು ನಾಗಕ್ಕ. ಹಿಂದೆಯೇ ಇನ್ನೂ ಹದಿನೇಳು ಜನ. ಪರೀಕ್ಷೆಯ ಗಾಜು ಹಾಕಿದಾಗ ನಾಗಕ್ಕ ನನ್ನ ಅಕ್ಷರದ ಹಾಳೆ ನೋಡಲೇ ಇಲ್ಲ, ತಮ್ಮ ಬೆರಳುಗಳನ್ನೇ ತಿರುಗಿಸಿ ನೋಡಿದರು. "ಯವ್ವಾ, ಇಷ್ಟು ಸೂಜಿ ಚುಚ್ಚೈತೇನ್ರಿ!" ಎಂದರು.

ನಿನ್ನ ಮಗಳು,
ಶ್ರೀಲತಾ

ತಾ.ಕ.: ಅಕ್ಷರ ಯಾಕಿಷ್ಟು ದಪ್ಪ ಎನ್ನುತ್ತೀಯೇನೋ. ಹೋದ ವರ್ಷ ಸೊಂಟನೋವೆಂದು ನೀನು ರವಿಕೆ ಹೊಲಿಯುವುದು ಬಿಟ್ಟೆ. ಕಣ್ಣಿನ ಕೆಲಸ ಮಾಡುವ ಮಗಳು ನಾನು, ಸೊಂಟಕ್ಕೆ ಮುಲಾಮು ಕಳಿಸಿದೆ. ಭಾನುವಾರ ಮಡಕಶಿರಕ್ಕೆ ಬರುತ್ತೇನೆ. ಪಕ್ಕದ ಮನೆ ಪ್ರಸನ್ನಲಕ್ಷ್ಮಿಯ ಕೈಲಿ ಇದನ್ನು ಓದಿಸಬೇಡ. ಎಷ್ಟು ಸಾಲು ನೀನೇ ಓದಿದೆ ಎಂದು ಅಂದು ನಿಜ ಹೇಳು.