ಒಳತುದಿಯಿಂದ ಓದಿದ ಸುರುಳಿ

ಮೇಷ್ಟ್ರೇ,

‘ಪೂಜ್ಯ’ ಎಂದು ಶುರುಮಾಡಲು ಈ ಸಲ ಕೈ ಬರಲಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಮತ್ತೆಲ್ಲಿ ಇಡಲಿ?

ಚಳ್ಳಕೆರೆ ಕಾಲೇಜಿನಲ್ಲಿ ನೀವು ಪ್ಲಾಸ್ಮಾದ ಪಾಠ ಮಾಡಿದ ದಿನ ನೆನಪಿದೆಯೇ? ಸೂರ್ಯನೊಳಗಿನಂಥ ಕಾವು, ಯಾವ ಪಾತ್ರೆಯೂ ತಾಳದು, ಉಂಗುರದಂಥ ಕೊಳವೆಯೊಳಗೆ ಕಾಂತಬಲದ ಬೇಲಿ ಹಾಕಿ ಹಿಡಿಯಬೇಕು. “ಬೇಲಿ ಗಟ್ಟಿಯಾಗೇ ಐತೆ ಕಣವ್ವ. ಒಳಗೆ ಸುಳಿ ಏಳ್ತಾವೆ ನೋಡು, ಅವೇ ಕಾವನ್ನ ಹೊರಗೆ ಹೊತ್ತು ಹಾಕ್ತಾವೆ,” ಎಂದಿರಿ. ನಮ್ಮ ಕಡೆಯ ಹುಲ್ಲುಗಾವಲು ವರವು ಕಾವಲಿನಲ್ಲಿ ಏಳುವ ಸುಂಟರಗಾಳಿ ಕಂಡು ಬೆಳೆದವಳಿಗೆ ಅದು ತಟ್ಟನೆ ಅರ್ಥವಾಗಿತ್ತು.

ಒಂದು ಬೇಸಿಗೆಯಲ್ಲಿ ನಿಮ್ಮ ಗೆಳೆಯರು ಗುಜರಾತಿನ ಪ್ರಯೋಗಾಲಯದಿಂದ ಕಾಗದದ ಸುರುಳಿ ಕಳಿಸಿದರು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಪ್ರಯೋಗ, ಮಾರುಗಟ್ಟಲೆ ಉದ್ದದ ಎರಡು ಗೆರೆ. ಮೇಲಿನದು ಕಾವು, ಕೆಳಗಿನದು ಸುಳಿಗಳ ಅಬ್ಬರ. ಓದಲು ನನಗೆ ಕೊಟ್ಟಿರಿ. ಮೊಳಕಾಲ್ಮೂರಿನ ನಮ್ಮ ಮಗ್ಗದ ಮನೆಯಲ್ಲಿ ಹಾಸಿಕೊಂಡು ಹದಿನೈದು ದಿನ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಸುಳಿಗಳು ತಾವಾಗಿ ತಗ್ಗುತ್ತಿದ್ದವು, ಜೊತೆಜೊತೆಗೇ ಕಾವು ಏರುತ್ತಿತ್ತು. ದಾರಿಯಲ್ಲಿ ತಳಕು ಊರಿನ ಬಳಿ ಬಸ್ಸು ಕೆಟ್ಟು ನಿಂತರೂ ಲಾರಿ ಹತ್ತಿ ಬಂದು ನನ್ನ ಟಿಪ್ಪಣಿ ನಿಮ್ಮ ಕೈಗಿಟ್ಟೆ. “ಯಂತ್ರದ ದೋಷ ಕಣವ್ವ, ಬಿಟ್ಬಿಡು,” ಎಂದಿರಿ. ಬಿಟ್ಟೆ, ಸುರುಳಿ ನಮ್ಮ ಅಟ್ಟ ಸೇರಿತು. ಹೇಳಿದವರು ನೀವಲ್ಲವೇ...

ಕಳೆದ ತಿಂಗಳು ನಿಮ್ಮ ಶ್ರದ್ಧಾಂಜಲಿ ಸಭೆಗೆ ಎರಡು ಮಾತು ಬರೆದುಕೊಂಡು ಬಂದಿದ್ದೆ. ನನಗಿಂತ ಮೊದಲು ಆ ಗೆಳೆಯರು ಎದ್ದರು. “ನಮ್ಮ ಯಂತ್ರದಲ್ಲಿ ಸುಳಿ ತಾನಾಗಿ ತಗ್ಗಿದ್ದನ್ನ ಗುರುತಿಸಿದವರು ಇವರೇ,” ಎಂದು ನಿಮ್ಮ ಪ್ರಬಂಧ ಎತ್ತಿ ತೋರಿಸಿದರು. ಅದರಲ್ಲಿದ್ದವು ನನ್ನ ಗುರುತುಗಳು, ನನ್ನ ಅಂಕಿಗಳು. ಹೆಸರು ಮಾತ್ರ ನಿಮ್ಮದೊಂದೇ. ಕೊನೆಯಲ್ಲಿ ಸಣ್ಣಕ್ಷರದಲ್ಲಾದರೂ... ಇರಲಿಲ್ಲ. ನಂಬಿಸಿ ಕತ್ತು ಕೊಯ್ದಿರಿ ಮೇಷ್ಟ್ರೇ. ಕೇಳಿದ್ದರೆ ನಾನೇ ಕೊಡುತ್ತಿರಲಿಲ್ಲವೇ? ಚೀಟಿ ಮಡಚಿಕೊಂಡು ಎದ್ದು ಬಂದೆ.

ಅದು ನನ್ನದೆಂದು ತೋರಿಸಲೇಬೇಕೆಂದು ಅಟ್ಟದಿಂದ ಸುರುಳಿ ಇಳಿಸಿದೆ. “ಈಗ್ಯಾಕೆ ಅದು? ಸತ್ತೋರ ಕೂಡೆ ಏನು ಜಗಳ?” ಎಂದಳು ಅವ್ವ. ರಟ್ಟಿನ ಕೊಳವೆಗೆ ಅಂಟಿದ್ದ ಒಳತುದಿಯ ಗೇಣುದ್ದವನ್ನು ಅಂದು ನಾನು ಬಿಡಿಸಿರಲಿಲ್ಲ. ಈಗ ಬಿಡಿಸಿದರೆ, ಪ್ರಯೋಗ ಮುಗಿಯಿತೆಂಬ ಮೊಹರು ಅಲ್ಲಿತ್ತು. ಎಸ್‌ಟಿಡಿ ಬೂತಿನಿಂದ ನಿಮ್ಮ ಗೆಳೆಯರಿಗೆ ಫೋನು ಮಾಡಿದೆ. “ಶುರುವಿನ ತುದಿ ಹೊರಗೇ ಸಿಗಲಿ ಅಂತ ಕೊನೆಯ ತುದಿಯಿಂದ ಸುತ್ತುತ್ತೇವೆ,” ಎಂದರು.

ಮಗ್ಗದ ಮರಕ್ಕೆ ಸೀರೆ ಸುತ್ತಿಕೊಂಡಾಗ ಮೊದಲು ನೇಯ್ದದ್ದು ಒಳಗಿರುತ್ತದೆ. ನೇಕಾರರ ಮಗಳು ಸುರುಳಿಯನ್ನೂ ಹಾಗೆಯೇ ಒಳಗಿನಿಂದ ಹೊರಕ್ಕೆ ಓದಿದ್ದೆ. ಸುಳಿ ತಗ್ಗಿರಲಿಲ್ಲ, ಎದ್ದಿತ್ತು. ಕಾವು ಏರಿರಲಿಲ್ಲ, ಸೋರಿಹೋಗಿತ್ತು. ನೀವು ಕದ್ದದ್ದು ನನ್ನ ತಪ್ಪನ್ನು, ಅದೂ ಒಮ್ಮೆ ಸುರುಳಿ ತರಿಸಿ ನೋಡದೆ.

ನಗು ಬಂತು. ಆಮೇಲೆ ಅಳು. ಸುಮ್ಮನಿದ್ದರೆ ನಿಮ್ಮ ಹೆಸರು ಹಾಗೇ ಉಳಿಯುತ್ತಿತ್ತು. ಆದರೆ ಪ್ರಬಂಧ ಅಚ್ಚಾದ ಪತ್ರಿಕೆಗೆ ಇಂದು ಬೆಳಿಗ್ಗೆ ತಿದ್ದುಪಡಿ ಕಳಿಸಿದೆ. ನಿಮ್ಮನ್ನು ಕಳ್ಳನೆಂದಿಲ್ಲ. ಸುರುಳಿಯನ್ನು ತಿರುಗಾಮುರುಗಾ ಓದಿದವಳು ನಾನು, ಈ ತಪ್ಪು ಪೂರ್ತಿ ನನ್ನದು ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದ್ದೇನೆ.

ಸರೋಜ