ಅವರು ಚಪ್ಪಾಳೆ ಹೊಡೆದರು, ಅಕ್ಕಾ

ನನ್ನ ಅಕ್ಕಾ,

"ನಾಟಕದಾಗ ನಿಂಗ ಗೋಡಿ ಪಾರ್ಟೇ ಕೊಡ್ಬೇಕು ನೋಡು, ಬಾಯೇ ಬಿಡಂಗಿಲ್ಲ" ಎಂದು ನನ್ನನ್ನು ಆಡಿಕೊಂಡು ನಗುತ್ತಿದ್ದೆಯಲ್ಲ? ನಿನ್ನೆ ಕಲಬುರಗಿಯಲ್ಲಿ ನಿಜವಾಗಿಯೂ ಒಂದು ಪಾತ್ರ ಮಾಡಿದೆ.

ನಿನ್ನನ್ನು ಮಣ್ಣು ಮಾಡಿ ಬಂದ ದಿನದಿಂದ ನಿನ್ನ ಮಗಳು ಸುಜಿ ಒಂದು ಮಾತೂ ಆಡಿರಲಿಲ್ಲ. ಕಮಲಾಪುರದ ಮನೆಯನ್ನೆಲ್ಲ ತನ್ನ ಮಾತಿನಿಂದಲೇ ತುಂಬುತ್ತಿದ್ದವಳು... ಆಸ್ಪತ್ರೆಗೆ ಕರೆದೊಯ್ದೆ. ಸರದಿಗೆ ಕಾಯುತ್ತಿದ್ದಾಗ ಒಬ್ಬ ಮೇಡಂ ಬಂದರು. ಮಕ್ಕಳ ಮನಸ್ಸಿನ ಡಾಕ್ಟರಾಗಲು ಕಲಿಯುವವರಿಗೆ ತರಬೇತಿಯಂತೆ. ನಿಜವಾದ ರೋಗಿಗಳ ಬದಲು ಪಾತ್ರಧಾರಿಗಳು, ಅವರನ್ನು ಪ್ರಶ್ನೆ ಕೇಳಿ ಕಲಿಯುವವರು ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಬೇರೆ ಬೇರೆ ದೇಶದವರು. ತಾಯಿಯ ಪಾತ್ರದವಳು ಬಂದಿರಲಿಲ್ಲ.

"ನೀವೇ ಕೂಡ್ರಿ ಅಕ್ಕೋರೆ. ಮುಗಿದ ಮ್ಯಾಲ ನಿಮ್ಮ ಹುಡುಗಿನ್ನ ದೊಡ್ಡ ಡಾಕ್ಟರು ಮೊದ್ಲು ನೋಡ್ತಾರ."

ಸುಜಿಗಾಗಿ ಒಪ್ಪಿದೆ. ನೀನಾದರೂ ಒಪ್ಪುತ್ತಿರಲಿಲ್ಲವೇ?

ಶಾಲೆಗೆ ಹೋಗಲೊಲ್ಲದ ಹುಡುಗನ ತಾಯಿ ನಾನು. ಅಷ್ಟನ್ನೇ ಹೇಳಿಕೊಟ್ಟಿದ್ದರು. ಪರದೆಯೊಳಗಿನ ಹುಡುಗಿಯೊಬ್ಬಳು ಏನೋ ಕೇಳಿದಳು. ಮೇಡಂ ಕನ್ನಡದಲ್ಲಿ ಹೇಳಿದರು: "ಮಗು ಕಡೀ ಸಲ ಯಾವಾಗ ನಕ್ಕಿತ್ತು?" ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸುಜಿ ನಿನ್ನ ಹಾಸಿಗೆಯ ಪಕ್ಕ ಕೂತು, ಕೆಂಪು ಬಾಳೆಹಣ್ಣಿನ ಸಿಪ್ಪೆಯನ್ನು ಮೀಸೆಯಂತೆ ಹಿಡಿದು, ನಿನ್ನನ್ನು ನಗಿಸಿ ತಾನೂ ನಕ್ಕಿದ್ದಳಲ್ಲ, ಅದು ಬಾಯಿಗೆ ಬಂದುಬಿಟ್ಟಿತು. ಬಿಕ್ಕಿ ಬಿಕ್ಕಿ ಅತ್ತೆ.

ಚಪ್ಪಾಳೆ ಹೊಡೆದರು, ಅಕ್ಕಾ. ಪರದೆಯೊಳಗಿನವರೂ, ಹೊರಗಿನವರೂ. ನಿನ್ನ ಸಾವಿಗೆ ಚಪ್ಪಾಳೆ!

ಮೇಡಂ ನೀರು ಕೊಟ್ಟರು. "ಭಾಳ ಛಲೋ ಮಾಡಿದ್ರಿ. ಇನ್ನೊಂದು ದೇಶದವ್ರು ಕಾಯ್ಲಾಕತ್ತಾರ, ಮತ್ತೊಮ್ಮಿ ಮಾಡ್ರಿ. ಅಳು ಮಾತ್ರ ಜರಾ ಲಗೂ ಬರ್ಲಿ."

"ನಮ್ಮ ಹುಡುಗಿ?"

"ದೊಡ್ಡ ಡಾಕ್ಟರು ಹೋದ್ರಲ್ರೀ. ನಾಡಿದ್ದ ನೋಡೋಣ."

ಎದ್ದು ಹೊರಟೆ. ಬಾಗಿಲಲ್ಲಿ ಸುಜಿ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು.

ಬಸ್ಸು ಊರು ದಾಟಿದ ಮೇಲೆ ಪಕ್ಕದಿಂದ ಒಂದು ದನಿ. "ಚಿಕ್ಕವ್ವಾ, ನೀ ಖರೇನೇ ಅಳ್ಲಾಕತ್ತಿದ್ದಿ. ಅವ್ರ್ಯಾಕ ಚಪ್ಪಾಳಿ ಹೊಡದ್ರು?"

ಗಕ್ಕನೆ ಸುಜಿಯತ್ತ ತಿರುಗಿದೆ. ಅವಳೇ ಕಿಟಕಿಯತ್ತ ತಿರುಗಿ, ಥೇಟ್ ನಿನ್ನ ಹಾಗೆ ಮೂಗು ಮುರಿದು, "ಹೊಲಸು ಮಂದಿ" ಎಂದಳು.

ಅಷ್ಟೇ ಆಡಿದ್ದು. ಇವತ್ತು ಮತ್ತೆ ಮೌನ. ನಾಳೆ ಬೆಳಗಿನ ಬಸ್ಸಿಗೆ ಹೋಗಿ ಸರದಿಯಲ್ಲಿ ನಿಲ್ಲುತ್ತೇವೆ. ಮುಂದೆ ದಬ್ಬಿಕೊಂಡು ಬಂದವರನ್ನು ಬೈಯುತ್ತೇನೆ, ಡಾಕ್ಟರು ತಲೆ ಎತ್ತಿ ಅವಳನ್ನು ನೋಡುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ. ಗೋಡೆಯ ಪಾರ್ಟು ಇನ್ನು ಬೇರೆ ಯಾರಿಗಾದರೂ ಕೊಡು, ಅಕ್ಕಾ.

ನಿನ್ನ ತಂಗಿ